ಕಾಯಂ ಆಯಿತೇ?

ಸಿಇಟಿ ಫಲಿತಾಂಶ ಬಂದ ಮೇಲಿನ ಕೆಲವು ವಾರ ಮಂಡ್ಯದ ನೂರಡಿ ರಸ್ತೆಯ ಸೈಬರ್ ಸೆಂಟರ್‌ಗಳಲ್ಲಿ ಕೂರಲು ಸ್ಟೂಲು ಸಿಗುವುದಿಲ್ಲ. ಪರೀಕ್ಷಾ ಪ್ರಾಧಿಕಾರದ ‘ಆಪ್ಷನ್ ಎಂಟ್ರಿ’ ನಡೆಯುವ ಕಾಲ ಅದು. ಯಾವ ಕಾಲೇಜು, ಯಾವ ಕೋರ್ಸು ಎಂಬುದನ್ನು ಒಂದು, ಎರಡು, ಮೂರು ಎಂದು ಆದ್ಯತೆಯ ಕ್ರಮದಲ್ಲಿ ತುಂಬಬೇಕು. ಮನೆಯಲ್ಲಿ ಕಂಪ್ಯೂಟರ್ ಇದ್ದವರೂ ಇಲ್ಲಿಗೇ ಬರುತ್ತಾರೆ. ತಪ್ಪು ಗುಂಡಿ ಒತ್ತಿ ಮಗನ ಬದುಕು ಕೆಟ್ಟೀತೆಂಬ ಭಯ. ಕಳೆದ ವರ್ಷ ಸೋದರಳಿಯನ ಜೊತೆ ನಾನೂ ಅಲ್ಲಿ ಎರಡು ಗಂಟೆ ಕುಳಿತಿದ್ದೆ. ನಮಗಿಂತ ಮುಂದೆ ಮಳವಳ್ಳಿ ಕಡೆಯ ಒಬ್ಬ ಹುಡುಗ, ಅವನ ಅಪ್ಪ, ಅವನ ಸೋದರಮಾವ. ‘ಮೊದಲು ಯಾವುದು ಹಾಕಲಿ?’ ಎಂದರು ಅಂಗಡಿಯವರು. ಹುಡುಗ ಬಾಯಿ ತೆರೆಯುವಷ್ಟರಲ್ಲಿ ಸೋದರಮಾವ ಹೇಳಿಬಿಟ್ಟರು: ‘ಮಂಡ್ಯದ್ದು ಹಾಕಿ, ಆಮೇಲೆ ಮೈಸೂರು. ಬೆಂಗಳೂರು ಕೊನೆಗಿರಲಿ.’ ‘ಕೋರ್ಸು?’ ‘ಯಾವುದು ಸಿಗುತ್ತದೋ ಅದು. ಸರ್ಕಾರಿ ಸೀಟಾದರೆ ಆಯಿತು.’

ಹದಿನೆಂಟರ ಹುಡುಗನನ್ನು ‘ನಿನ್ನ ಆದ್ಯತೆ ಏನು?’ ಎಂದು ಸರ್ಕಾರ ಬರವಣಿಗೆಯಲ್ಲಿ ಕೇಳುವುದು ಬಹುಶಃ ಇದೊಂದೇ ಸಲ. ಉತ್ತರ ಬರೆದವರು ಮಾತ್ರ ಅವನ ಮಾವ. ಅದರಲ್ಲಿ ಮೊದಲು ಬಂದದ್ದು ಊರು, ಆಮೇಲೆ ಶುಲ್ಕ, ಕೊನೆಗೆ ವಿಷಯ.

ಇದನ್ನು ಕಂಡು ನಗುವುದು ಸುಲಭ. ಮೈಸೂರು ಸೀಮೆಯವರಿಗೆ ಮಹತ್ವಾಕಾಂಕ್ಷೆ ಕಡಿಮೆ, ಸಂಜೆ ಐದಕ್ಕೆ ಮನೆಗೆ ಬಂದು ಕಾಫಿ ಕುಡಿಯುವ ಕೆಲಸವೇ ಇವರಿಗೆ ಬೇಕು, ಅದಕ್ಕೇ ಈ ಊರು ಪಿಂಚಣಿದಾರರ ಸ್ವರ್ಗವಾಗಿದೆ ಎಂಬ ಮಾತನ್ನು ಬೆಂಗಳೂರಿನ ಗೆಳೆಯರಿಂದ ಮೂವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಸೋದರಮಾವ ಆಸೆ ಸತ್ತ ಮನುಷ್ಯರಲ್ಲ, ಪಕ್ಕಾ ಲೆಕ್ಕದ ಮನುಷ್ಯರು. ಆ ಲೆಕ್ಕವನ್ನು ಅವರು ಒಬ್ಬರೇ ಕೂತು ಹಾಕಿದ್ದೂ ಅಲ್ಲ. ನೂರು ವರ್ಷಗಳಲ್ಲಿ ಈ ಎರಡು ಜಿಲ್ಲೆಗಳಲ್ಲಿ ಯಾವ ಕೆಲಸ ಉಳಿಯಿತು, ಯಾವುದು ಮುಳುಗಿತು ಎಂಬುದನ್ನು ಕಂಡುಂಡವರ ಲೆಕ್ಕ ಅದು.

ಅದಕ್ಕೂ ಮೊದಲು ಒಂದು ತಪ್ಪೊಪ್ಪಿಗೆ. ನಾನು ಬರೆಯುವ ಕೆಲಸಕ್ಕೆ ಬಂದದ್ದು ಹೇಗೆಂದು ಯಾರಾದರೂ ಕೇಳಿದರೆ, ಚಿಕ್ಕಂದಿನಿಂದಲೂ ಓದುವ ಹುಚ್ಚಿತ್ತು ಎಂದು ಶುರು ಮಾಡುತ್ತೇನೆ. ಸುಳ್ಳಲ್ಲ. ಆದರೆ ಆ ವರ್ಷ ಬಿ.ಎಡ್. ಸೀಟು ಸಿಕ್ಕಿದ್ದರೆ ಈಗ ನಾಗಮಂಗಲದ ಯಾವುದೋ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾ, ಚಿಕ್ಕಂದಿನಿಂದಲೂ ಪಾಠ ಹೇಳುವ ಹುಚ್ಚಿತ್ತು ಎನ್ನುತ್ತಿದ್ದೆ. ಯಾವುದೋ ಬಾಗಿಲು ತೆರೆದಿರುತ್ತದೆ, ಒಳಗೆ ಹೋಗುತ್ತೇವೆ, ಅದನ್ನು ತಟ್ಟಿದ್ದು ನಾವೇ ಎಂಬ ಕಥೆ ಹತ್ತು ವರ್ಷದ ಮೇಲೆ ಹುಟ್ಟುತ್ತದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತು ವಿದೇಶಗಳಲ್ಲಿ ಹೆಸರು ಮಾಡಿದ ಕೆಲವರು ನನಗೆ ಪರಿಚಯ. ಮೆಡಿಕಲ್ ಸೀಟು ತಪ್ಪದಿದ್ದರೆ ಅಂಥದೊಂದು ವಿದ್ಯೆ ಇದೆಯೆಂಬುದೇ ಅವರಲ್ಲಿ ಹೆಚ್ಚಿನವರಿಗೆ ತಿಳಿಯುತ್ತಿರಲಿಲ್ಲ.

ಬಾಗಿಲು ಎಷ್ಟು ದೂರದಲ್ಲಿದೆ ಎಂಬುದನ್ನು ಹಳ್ಳಿಯಲ್ಲಿ ಅಳೆಯುವುದು ಕಿಲೋಮೀಟರಿನಲ್ಲಲ್ಲ, ಕೊನೆಯ ಬಸ್ಸಿನಲ್ಲಿ. ಎಸ್ಎಸ್ಎಲ್‌ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿಯೊಬ್ಬಳು ಪಿಯುಸಿಗೆ ಕಲಾ ವಿಭಾಗ ಸೇರಿದರೆ ಆಕೆಗೆ ಇತಿಹಾಸದಲ್ಲಿ ಒಲವು ಎಂದು ನಾವು ತಿಳಿಯುತ್ತೇವೆ. ವಿಚಾರಿಸಿ ನೋಡಿದರೆ ಹೋಬಳಿಯ ಕಾಲೇಜಿನಲ್ಲಿ ವಿಜ್ಞಾನವೇ ಇರುವುದಿಲ್ಲ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಇರುತ್ತದೆ, ಆದರೆ ಪ್ರಯೋಗಾಲಯ ಮುಗಿಯುವ ಹೊತ್ತಿಗೆ ಊರಿನ ಬಸ್ಸು ಹೋಗಿರುತ್ತದೆ. ಸಂಜೆ ಐದೂವರೆಯ ಒಂದು ಬಸ್ಸು ಎಷ್ಟು ಜನ ಹೆಣ್ಣುಮಕ್ಕಳನ್ನು ಡಾಕ್ಟರ್ ಆಗದಂತೆ ತಡೆದಿದೆಯೋ ಲೆಕ್ಕ ಇಟ್ಟವರಿಲ್ಲ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದಾಗ ಟಿಕೆಟ್ ದುಡ್ಡಿನ ಮಾತು ಬಹಳ ಆಯಿತು. ಕಾಲೇಜು ಹುಡುಗಿಯರಿಗೆ ಮೊದಲೂ ರಿಯಾಯಿತಿ ಪಾಸು ಇತ್ತು. ಬದಲಾದದ್ದು ಕಾಲೇಜು ಮುಗಿದ ಮೇಲಿನ ಲೆಕ್ಕ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯಿಂದ ಮೈಸೂರಿನ ಜವಳಿ ಅಂಗಡಿಗೋ ನರ್ಸಿಂಗ್ ಹೋಮಿಗೋ ಹತ್ತು ಹನ್ನೆರಡು ಸಾವಿರದ ಕೆಲಸಕ್ಕೆ ಹೋಗುವುದು ಮೊದಲು ಗಿಟ್ಟುತ್ತಿರಲಿಲ್ಲ, ಈಗ ಗಿಟ್ಟುತ್ತದೆ. ಬಸ್ಸುಗಳ ಸಂಖ್ಯೆ ಅಷ್ಟೇ ವೇಗದಲ್ಲಿ ಹೆಚ್ಚಲಿಲ್ಲ ಎಂಬುದನ್ನು ಬೆಳಗ್ಗೆ ಎಂಟಕ್ಕೆ ಮೈಸೂರು ಕಡೆಯ ಯಾವ ನಿಲ್ದಾಣದಲ್ಲಿ ನಿಂತರೂ ಕಾಣಬಹುದು.

ಈಗ ಆ ‘ಕಾಯಂ’ ಎಂಬ ಮಾತಿಗೆ ಬರೋಣ. ಮಂಡ್ಯ, ಮೈಸೂರಿನಲ್ಲಿ ಕೆಲಸಕ್ಕೆ ಸೇರಿದವನನ್ನು ನೆಂಟರು ಮೊದಲು ಕೇಳುವುದು ಸಂಬಳವನ್ನಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಅನ್ನ ಬಡಿಸಿಕೊಳ್ಳುತ್ತಲೇ ಚಿಕ್ಕಪ್ಪನೊಬ್ಬ ಕೇಳುತ್ತಾನೆ: ‘ಕಾಯಂ ಆಯಿತೇನಪ್ಪಾ?’ ಆಗಿದೆ ಎಂದರೆ ಮಾತು ಮುಂದುವರಿಯುತ್ತದೆ. ಇಲ್ಲ ಎಂದರೆ, ‘ಆಗುತ್ತದೆ ಬಿಡು’ ಎಂಬ ಸಮಾಧಾನ ಬಂದು ಹಪ್ಪಳದ ಕಡೆ ಗಮನ ಹೋಗುತ್ತದೆ.

ಈ ಪದಕ್ಕೆ ಇಷ್ಟು ತೂಕ ಬಂದದ್ದು ಸಂಸ್ಥಾನದ ಕಾಲದಲ್ಲಿ. ಹಳೆಯ ಮೈಸೂರಿನಲ್ಲಿ ಕಾರ್ಖಾನೆ ಕಟ್ಟಿದ್ದು ಹೆಚ್ಚಾಗಿ ಸರ್ಕಾರ. 1912ರಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ, 1937ರಲ್ಲಿ ಇವತ್ತಿಗೂ ಮತದಾನದ ಶಾಯಿ ತಯಾರಿಸುವ ಅರಗು ಮತ್ತು ಬಣ್ಣದ ಕಾರ್ಖಾನೆ. ಮಂಡ್ಯದ ಕಥೆಯಂತೂ ಪೂರ್ತಿ ಸರ್ಕಾರದ್ದೇ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ, ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ನಾಲೆಯ ನೀರಿಗೆ ಕಬ್ಬು, ಕಬ್ಬಿಗೆ 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ, ಇಷ್ಟೆಲ್ಲ ಆದ ಮೇಲೆ 1939ರಲ್ಲಿ ಜಿಲ್ಲೆ. ಅಣೆಕಟ್ಟು ಮೊದಲು ಬಂದು ಜಿಲ್ಲೆ ಆಮೇಲೆ ಹುಟ್ಟಿದ ಊರಿನಲ್ಲಿ ಜನ ಸರ್ಕಾರವನ್ನು ಹುಡುಕಿಕೊಂಡು ಹೋಗುವುದರಲ್ಲಿ ಅಚ್ಚರಿ ಏನಿದೆ?

ಸರ್ಕಾರಿ ಕಚೇರಿಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದೂ ಇದೇ ಕಥೆಯ ಭಾಗ. ಸಂಸ್ಥಾನದ ಹುದ್ದೆಗಳು ಬಹುಪಾಲು ಒಂದೇ ಸಮುದಾಯದ ಕೈಯಲ್ಲಿದ್ದಾಗ, 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿದರು. ಉಳಿದವರಿಗೂ ಹುದ್ದೆಗಳಲ್ಲಿ ಪಾಲು ಸಿಗಬೇಕೆಂಬ ಅದರ ವರದಿ ಈ ಸೀಮೆಯ ರೈತಾಪಿ ಕುಟುಂಬಗಳ ಕಣ್ಣು ತೆರೆಸಿತು. ಮೈಸೂರಿನ ಜಾತಿವಾರು ಹಾಸ್ಟೆಲುಗಳು, ಮಠಗಳ ಉಚಿತ ಊಟ, 1962ರಲ್ಲಿ ಕೆ.ವಿ. ಶಂಕರಗೌಡರು ಮಂಡ್ಯದಲ್ಲಿ ಕಟ್ಟಿದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಎಲ್ಲವೂ ಅದೇ ದಾರಿಯಲ್ಲಿ ಬಂದವು. ಕಬ್ಬು ಬೆಳೆದವನ ಮಗ ಲೋಕೋಪಯೋಗಿ ಇಲಾಖೆಯ, ನೀರಾವರಿ ಇಲಾಖೆಯ, ಕೆಇಬಿಯ ಎಂಜಿನಿಯರ್ ಆದ. ಊರಿನ ಮೊದಲ ತಾರಸಿ ಮನೆ ಅವನದಾಯಿತು. ಅವನ ತಮ್ಮಂದಿರು, ತಮ್ಮಂದಿರ ಮಕ್ಕಳು ಆ ಮನೆಯನ್ನು ನೋಡುತ್ತಲೇ ಬೆಳೆದರು.

ಮೈಸೂರು ನಗರಕ್ಕೆ ಸ್ವಾತಂತ್ರ್ಯದ ನಂತರ ಕೇಂದ್ರ ಸರ್ಕಾರದ ಸಂಸ್ಥೆಗಳು ಸಾಲಾಗಿ ಬಂದವು: 1950ರಲ್ಲಿ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, 1963ರಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು, 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ. ರೈಲ್ವೆ ಕಾರ್ಯಾಗಾರ ಮೊದಲೇ ಇತ್ತು. ಅಲ್ಲಿ ಕೆಲಸದಲ್ಲಿದ್ದವರ ಬಡಾವಣೆಗಳನ್ನು ಇಂದಿಗೂ ಮನೆಗಳ ವಯಸ್ಸಿನಿಂದ ಗುರುತಿಸಬಹುದು.

ಖಾಸಗಿಯವರು ಕಾರ್ಖಾನೆ ತೆರೆಯಲೇ ಇಲ್ಲವೆಂದಲ್ಲ. ಯಾದವಗಿರಿಯ ಜಾವಾ ಬೈಕ್ ಕಾರ್ಖಾನೆ ಮೈಸೂರಿನ ಹೆಮ್ಮೆಯಾಗಿತ್ತು. 1996ರಲ್ಲಿ ಬಾಗಿಲು ಹಾಕಿತು. ಕೃಷ್ಣರಾಜೇಂದ್ರ ಮಿಲ್ಸ್ ಬಟ್ಟೆ ಗಿರಣಿಯೂ ನಿಂತುಹೋಯಿತು.  ನಲವತ್ತೈದರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡು ಸ್ಕೂಟರಿನಲ್ಲಿ ಹಾಲಿನ ಪ್ಯಾಕೆಟ್ ಹಾಕುತ್ತಿದ್ದ ಒಬ್ಬರು ನಮ್ಮ ಬೀದಿಯಲ್ಲಿದ್ದರು. ಒಂದು ಕಾಲಕ್ಕೆ ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳಬಲ್ಲವರೆಂದು ಹೆಸರಾಗಿದ್ದರು. ಅವರ ಮಗ ಸರ್ಕಾರಿ ಹುದ್ದೆಯ ಕೆಪಿಎಸ್‌ಸಿ ಪರೀಕ್ಷೆಯ ಹೊರತು ಬೇರೆ ಅರ್ಜಿ ಹಾಕಲಿಲ್ಲ. ಅವನಿಗೆ ಧೈರ್ಯವಿಲ್ಲ ಎಂದು ಯಾರು ಹೇಳಿಯಾರು?

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸರ್ಕಾರದ್ದೇ ಆದ ಮೈಷುಗರ್ ಕೂಡ ನಷ್ಟದಲ್ಲಿ ಮುಳುಗಿ, ಕೆಲವು ವರ್ಷ ಕಬ್ಬು ಅರೆಯುವುದನ್ನೇ ನಿಲ್ಲಿಸಿ, 2022ರಲ್ಲಿ ಮತ್ತೆ ಶುರುವಾಯಿತು. ಸರ್ಕಾರದ ಕೈಯಲ್ಲಿದ್ದ ಬೆಳಗೊಳದ ಕಾಗದ ಕಾರ್ಖಾನೆ, ಮಂಡ್ಯದ ಅಸಿಟೇಟ್ ಕಾರ್ಖಾನೆ ಎರಡೂ ಮುಗಿದವು. ಸರ್ಕಾರದ ಕಾರ್ಖಾನೆ ನಂಬಿದವರೂ ಕೆಟ್ಟರು. ಹಾಗಾಗಿ ಜನರ ಲೆಕ್ಕ ಇನ್ನೂ ಕಿರಿದಾಯಿತು. ನಿಗಮ, ಮಂಡಳಿ ಬೇಡ, ಇಲಾಖೆಯೇ ಬೇಕು. ಖಜಾನೆಯಿಂದಲೇ ಸಂಬಳ ಬರಬೇಕು.

ಈ ಹಟ ಹಳೆಯ ಕಾಲದ ಗುಂಗು ಅನ್ನುವವರು ಒಂದಿಷ್ಟು ಅಂಕಿ ನೋಡಬೇಕು. ಏಳನೇ ವೇತನ ಆಯೋಗದಂತೆ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಅಂದರೆ ಕಚೇರಿಯಲ್ಲಿ ಕಡತ ಹೊರುವ ‘ಡಿ’ ಗುಂಪಿನ ನೌಕರನಿಗೆ ವರ್ಷಕ್ಕೆ ಮೂಲ ವೇತನವೇ 3,24,000. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಇದರ ಮೇಲೆ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಹೊಸ ಎಂಜಿನಿಯರಿಗೆ ಕೊಡುವ ಸಂಬಳ ಹತ್ತು ಹದಿನೈದು ವರ್ಷಗಳಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅದರಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಕಳೆಯಿರಿ. ಮಂಡ್ಯದಲ್ಲೇ ಮನೆಯೂಟ ಉಂಡುಕೊಂಡು ಕಚೇರಿಗೆ ಹೋಗುವವನ ಕೈಯಲ್ಲಿ ಹೆಚ್ಚು ಉಳಿಯುತ್ತದೆ.

ಇನ್ನು ಕಬ್ಬು. 2024-25ರ ಹಂಗಾಮಿಗೆ ಕೇಂದ್ರ ನಿಗದಿಪಡಿಸಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಬೆಳೆಗಾರನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಟನ್ನಿಗೆ 3,400 ರೂಪಾಯಿ, ಅದೂ ಸಕ್ಕರೆ ಇಳುವರಿ ಶೇ 10.25 ಇದ್ದರೆ. ಇಳುವರಿ ಶೇ 9.5ಕ್ಕಿಂತ ಇಳಿದರೆ 3,151. ಒಂದೂವರೆ ಎಕರೆಯವನು ಎಕರೆಗೆ ನಲವತ್ತು ಟನ್ ಬೆಳೆದ ಎಂದಿಟ್ಟುಕೊಂಡರೂ ಕಡಿಮೆ ದರದ ಲೆಕ್ಕದಲ್ಲಿ ಒಟ್ಟು 1,89,000. ಇದರಲ್ಲಿ ಕಟಾವು, ಸಾಗಣೆ, ಗೊಬ್ಬರ, ಕೂಲಿ, ಬಿತ್ತನೆ ಎಲ್ಲವನ್ನೂ ಕಳೆಯಬೇಕು, ಒಂದು ವರ್ಷ ಕಾಯಬೇಕು. ಕಬ್ಬು ಕೊಟ್ಟ ಹದಿನಾಲ್ಕು ದಿನದಲ್ಲಿ ಹಣ ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆ ಹದಿನಾಲ್ಕು ದಿನ ಎಷ್ಟು ತಿಂಗಳಿಗೆ ಮುಗಿಯುತ್ತದೆಂದು ಬೆಳೆಗಾರರನ್ನು ಕೇಳಬೇಕು. 2015ರಲ್ಲಿ ಬೆಲೆ ಕುಸಿದು ಬಾಕಿ ಬೆಳೆದಾಗ ಜಿಲ್ಲೆಯಲ್ಲಿ ಸಾಲುಸಾಲಾಗಿ ಆತ್ಮಹತ್ಯೆಗಳಾದವು. 2023ರಲ್ಲಿ ಮಳೆ ಕೈಕೊಟ್ಟು ನಾಲೆಗಳಿಗೆ ನೀರು ಬರಲಿಲ್ಲ. ಜಿಲ್ಲೆಯ ಬಹುಪಾಲು ಹಿಡುವಳಿ ಒಂದು ಹೆಕ್ಟೇರಿಗಿಂತ ಚಿಕ್ಕದು. ಅಪ್ಪನ ಒಂದೂವರೆ ಎಕರೆ ಇಬ್ಬರು ಮಕ್ಕಳಿಗೆ ಹಂಚಿದರೆ ಏನು ಉಳಿಯುತ್ತದೆ ಎಂಬುದಕ್ಕೆ ಕ್ಯಾಲ್ಕುಲೇಟರ್ ಬೇಡ.

ಬಿ.ಎಸ್ಸಿ ಕೃಷಿಯ ಸೀಟುಗಳಲ್ಲಿ ರೈತರ ಮಕ್ಕಳಿಗೆ ಕೃಷಿಕ ಕೋಟಾ ಇದೆ. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ: ಬೀಜ, ಬೆಳೆ, ಸಲಕರಣೆಗಳನ್ನು ಗುರುತಿಸಬೇಕು. ಹುಡುಗರು ಅಜ್ಜನ ಹತ್ತಿರ ಕೂತು ರಾಗಿಯ ಮತ್ತು ಸಾಮೆಯ ಕಾಳನ್ನು ಬೇರೆ ಮಾಡಿ ಹೇಳುವುದನ್ನು ಕಲಿಯುತ್ತಾರೆ. ಆ ಪರೀಕ್ಷೆ ಪಾಸಾಗಿ ಮಂಡ್ಯದ ವಿ.ಸಿ. ಫಾರ್ಮಿನ ಕೃಷಿ ಕಾಲೇಜು ಸೇರಿದವರಲ್ಲಿ ಮುಂದೆ ಉಳುವವರು ಎಷ್ಟು ಮಂದಿ? ಅವರ ಕಣ್ಣಿರುವುದು ಸಹಾಯಕ ಕೃಷಿ ಅಧಿಕಾರಿ ಹುದ್ದೆಯ ಮೇಲೆ, ಇಲ್ಲವೇ ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಯ ಮೇಲೆ. ಬೇಸಾಯದ ಜ್ಞಾನ ಇಲ್ಲಿ ಬೇಸಾಯದಿಂದ ಹೊರಬರುವ ಟಿಕೆಟ್ಟು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಅಜ್ಜನೇ ಬಯಸಿದ್ದು ಅದನ್ನು.

ದುಡ್ಡಿನ ಲೆಕ್ಕಕ್ಕಿಂತ ಗಟ್ಟಿಯಾದದ್ದು ಇನ್ನೊಂದಿದೆ, ಅದನ್ನು ಸಮೀಕ್ಷೆಗಳು ಕೇಳುವುದಿಲ್ಲ. 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಒಂದು ಪಾದಯಾತ್ರೆ ಹೊರಟಿತು. ಹೊರಟವರು ಮದುವೆಯಾಗದ ರೈತ ಯುವಕರು. ಹೆಣ್ಣು ಸಿಗಲಿ ಎಂದು ಮಾದಪ್ಪನಿಗೆ ಹರಕೆ. ಟಿ.ವಿ.ಯವರು ‘ಬ್ರಹ್ಮಚಾರಿಗಳ ಪಾದಯಾತ್ರೆ’ ಎಂದು ಹೆಸರಿಟ್ಟು ಎರಡು ದಿನ ನಕ್ಕರು. ಅದಕ್ಕೆ ಕೆಲವೇ ತಿಂಗಳ ಹಿಂದೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಹುಡುಗರು ಬಂದಿದ್ದರು, ಹುಡುಗಿಯರು ಕೆಲವೇ ನೂರು. ಆ ವರ್ಷದ ಚುನಾವಣೆಯಲ್ಲಿ ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ ಎರಡು ಲಕ್ಷ ರೂಪಾಯಿ ಕೊಡುವುದಾಗಿ ಎಚ್.ಡಿ. ಕುಮಾರಸ್ವಾಮಿ ಭರವಸೆ ಕೊಟ್ಟರು. ನಗೆಯ ವಿಷಯವಾಗಿದ್ದರೆ ಅದು ಚುನಾವಣೆಯ ಭರವಸೆ ಆಗುತ್ತಿರಲಿಲ್ಲ.

ಇದರಲ್ಲಿ ಎರಡು ಎಳೆ ಹೆಣೆದುಕೊಂಡಿವೆ. ಹುಟ್ಟುವ ಮೊದಲೇ ಹೆಣ್ಣನ್ನು ಅಳಿಸಿದ್ದು ಒಂದು. 2023ರ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲೇ ಭ್ರೂಣಲಿಂಗ ಪತ್ತೆಯ ಯಂತ್ರ ಇಟ್ಟುಕೊಂಡಿದ್ದದ್ದು ಬಯಲಾದಾಗ ರಾಜ್ಯ ಬೆಚ್ಚಿತು. ಬೆಲ್ಲ ಕಾಯಿಸುವ ಜಾಗದಲ್ಲಿ ನಡೆದದ್ದು ಅದು. ಉಳಿದ ಹೆಣ್ಣುಮಕ್ಕಳು ಓದಿಕೊಂಡದ್ದು ಎರಡನೆಯದು. ಡಿಗ್ರಿ ಮುಗಿಸಿದ ಹುಡುಗಿ ಅಮ್ಮನ ಬದುಕನ್ನು ನೋಡಿದ್ದಾಳೆ: ಬೆಳಗಿನ ಐದಕ್ಕೆ ಕೊಟ್ಟಿಗೆ, ಆಮೇಲೆ ಗದ್ದೆ, ಕೈಯಲ್ಲಿ ಒಂದು ರೂಪಾಯಿ ಇಲ್ಲ. ಹತ್ತು ಎಕರೆ ಇದ್ದರೂ ಬೇಡ, ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆದರೂ ಸರಿ ಎಂದು ಆಕೆ ಹೇಳಿದರೆ ಅದರಲ್ಲಿ ದುರಾಸೆ ಎಲ್ಲಿದೆ? ಆಕೆ ಕೇಳುತ್ತಿರುವುದು ತಿಂಗಳಿಗೊಮ್ಮೆ ಬರುವ ಸಂಬಳ ಮತ್ತು ಸಗಣಿ ಬಾಚದ ಬೆಳಗು. ಹೀಗೆ ಹುಡುಗನ ವೃತ್ತಿಯನ್ನು ನಿರ್ಧರಿಸುತ್ತಿರುವವರು ಅವನಿನ್ನೂ ನೋಡಿರದ ಹುಡುಗಿ ಮತ್ತು ಅವಳ ತಾಯಿ. ‘ಹುಡುಗ ಏನು ಮಾಡುತ್ತಾನೆ?’ ಎಂಬ ಪ್ರಶ್ನೆಗೆ ಉತ್ತರವಾಗಲೆಂದೇ ಕೆಲಸ ಹುಡುಕುವವರನ್ನು ನಾನು ಎಣಿಸಲಾರದಷ್ಟು ಕಂಡಿದ್ದೇನೆ.

ಹೆಣ್ಣುಮಕ್ಕಳ ಸ್ವಂತ ಕೆಲಸದ ಲೆಕ್ಕ ಬೇರೆ. ಅಲ್ಲಿ ಊರು ಎರಡು ಸಲ ಅಡ್ಡ ಬರುತ್ತದೆ, ತವರಲ್ಲೊಮ್ಮೆ, ಗಂಡನ ಮನೆಯಲ್ಲೊಮ್ಮೆ. ಅಂಗನವಾಡಿ ಕಾರ್ಯಕರ್ತೆಯಾಗಬೇಕಾದರೆ ಅದೇ ಊರಿನ ನಿವಾಸಿಯಾಗಿರಬೇಕು. ಮದುವೆಯಾಗಿ ಹೋದ ಊರಿನಲ್ಲಿ ಅಂಗನವಾಡಿಯ ಜಾಗ ಖಾಲಿಯಾಗುವವರೆಗೆ ಕಾಯಬೇಕು. ಕೊನೆಗೆ ಸಿಕ್ಕರೂ ಅದು ಗೌರವಧನದ ಕೆಲಸ, ಕಾಯಂ ಅಲ್ಲ. ಇನ್ನೊಂದು ಕಡೆ ಗಾರ್ಮೆಂಟ್ಸ್: ಮದ್ದೂರಿನ ಗೆಜ್ಜಲಗೆರೆಯಿಂದ ಶ್ರೀರಂಗಪಟ್ಟಣದವರೆಗೆ ಹೆದ್ದಾರಿಯ ಪಕ್ಕದಲ್ಲಿ ಕಂಪನಿ ಬಸ್ಸು ಕಾಯುವ ಹೆಂಗಸರನ್ನು ಕಾಣಬಹುದು. 2020ರಲ್ಲಿ ಕೊರೊನಾ ಹೊತ್ತಿನಲ್ಲಿ ಶ್ರೀರಂಗಪಟ್ಟಣದ ಸಿದ್ಧ ಉಡುಪು ಘಟಕವೊಂದು ಸಾವಿರಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿದಾಗ ಅವರಲ್ಲಿ ಬಹುಪಾಲು ಇವರೇ. ವಾರಗಟ್ಟಲೆ ಗೇಟಿನ ಮುಂದೆ ಕೂತರು. ಅವರ ಮಕ್ಕಳೂ ಆಗ ಪಿಯುಸಿ ಓದುತ್ತಿದ್ದರು, ಮನೆಯಲ್ಲಿ ನಡೆದ ಮಾತು ಕೇಳುತ್ತಿದ್ದರು ಎಂಬುದನ್ನು ಮರೆಯಬಾರದು.

ಭೂಮಿಯೇ ಇಲ್ಲದ ಮನೆಯಲ್ಲಿ, ಅದರಲ್ಲೂ ದಲಿತರ ಕೇರಿಯಲ್ಲಿ, ಕಾಯಂ ಎಂಬ ಪದಕ್ಕೆ ಇನ್ನೂ ಒಂದು ಅರ್ಥವಿದೆ. ಅಲ್ಲಿ ಅದು ಭದ್ರತೆಗಿಂತ ಮೊದಲು ಬಿಡುಗಡೆ. ಕೂಲಿಗಾಗಿ ಗೌಡರ ಜಗಲಿಯ ಮುಂದೆ ನಿಲ್ಲಬೇಕಾಗಿಲ್ಲ, ಸಾಲಕ್ಕೆ ಕೈಕಟ್ಟಿ ಕೂರಬೇಕಾಗಿಲ್ಲ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ ಓದಿ ಶಿಕ್ಷಕರಾದವರೊಬ್ಬರು ನನಗೆ ಹೇಳಿದ್ದರು: ‘ನಮ್ಮಪ್ಪನನ್ನು ಊರಿನಲ್ಲಿ ಎಲ್ಲರೂ ಏಕವಚನದಲ್ಲಿ ಕರೆಯುತ್ತಿದ್ದರು. ನನಗೆ ಆರ್ಡರ್ ಬಂದ ತಿಂಗಳು ಅಂಗಡಿಯವನು ಅವರನ್ನು ಬನ್ನಿ ಎಂದ.’ ನವೋದ್ಯಮ, ಆತ್ಮತೃಪ್ತಿ ಎಂದು ಭಾಷಣ ಮಾಡುವವರು ಆ ‘ಬನ್ನಿ’ಗೆ ಎಷ್ಟು ಬೆಲೆ ಕಟ್ಟುತ್ತಾರೋ ತಿಳಿಯದು. ಹೊರಗುತ್ತಿಗೆ ಬಂದ ಮೇಲೆ ಈ ಬಾಗಿಲೂ ಕಿರಿದಾಗಿದೆ. ಒಂದೇ ಕಚೇರಿಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನಿಗೆ ಖಜಾನೆಯ ಸಂಬಳ, ಇನ್ನೊಬ್ಬನಿಗೆ ಗುತ್ತಿಗೆದಾರ ಕೊಟ್ಟಾಗ ಕೊಟ್ಟಷ್ಟು. ಕಾಯಂ ಅಂದರೆ ಏನೆಂದು ತಿಳಿಯಲು ಆ ಕಚೇರಿಯಲ್ಲಿ ಅರ್ಧ ದಿನ ಕೂತರೆ ಸಾಕು.

ಇಲ್ಲಿಯವರೆಗೆ ಜನರ ಲೆಕ್ಕ ಸರಿಯಾಗಿಯೇ ಇದೆ. ಎಡವಟ್ಟಾಗುತ್ತಿರುವುದು ಲೆಕ್ಕದ ಆಚೆಯ ಕಡೆ, ಹುದ್ದೆ ಕೊಡಬೇಕಾದವರ ಕಡೆ. ಮೈಸೂರಿನ ಓವೆಲ್ ಮೈದಾನದಲ್ಲಿ ಬೆಳಗಿನ ಆರಕ್ಕೆ ಹೋದರೆ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದ ಹುಡುಗರು ಕಾಣುತ್ತಾರೆ. ಕಾನ್‌ಸ್ಟೆಬಲ್ ಆಗಲು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಓಡಿ ಬಂದು ಇಡ್ಲಿ ತಿಂದು ವಾಚನಾಲಯಕ್ಕೆ ಹೋಗುತ್ತಾರೆ. ಅವರಲ್ಲಿ ಕೆಲವರಿಗೆ ಮೂವತ್ತು ದಾಟಿದೆ. ಓಟದಲ್ಲಿ ಪಳಗಿದ್ದಾರೆ, ಆದರೆ ಅಧಿಸೂಚನೆಯೇ ಬರುವುದಿಲ್ಲ.

545 ಪಿಎಸ್‌ಐ ಹುದ್ದೆಗಳ ಕಥೆ ಎಲ್ಲರಿಗೂ ಗೊತ್ತು. 2021ರ ಅಕ್ಟೋಬರಿನಲ್ಲಿ ಪರೀಕ್ಷೆ, 2022ರ ಏಪ್ರಿಲಿನಲ್ಲಿ ಅಕ್ರಮದ ಕಾರಣಕ್ಕೆ ರದ್ದು, ಮರುಪರೀಕ್ಷೆ 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದು ಪಾಸಾದವನಿಗೆ ಎರಡು ವರ್ಷ ಮೂರು ತಿಂಗಳು ಹೋಯಿತು, ಆ ಅವಧಿಯಲ್ಲಿ ಅವನಿಗೆ ವಯಸ್ಸೂ ಆಯಿತು. 2024ರ ಅಕ್ಟೋಬರ್ ಕೊನೆಗೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸದಿರಲು ಸಚಿವ ಸಂಪುಟ ನಿರ್ಧರಿಸಿತು. ತೀರ್ಮಾನ ಬಂದದ್ದು 2025ರ ಆಗಸ್ಟಿನಲ್ಲಿ. ಒಳಮೀಸಲಾತಿ ದಶಕಗಳ ನ್ಯಾಯವಾದ ಬೇಡಿಕೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿ ಇಟ್ಟುಕೊಂಡು ಬಂದದ್ದಕ್ಕೆ ಅದೊಂದೇ ಕಾರಣವಲ್ಲ. ಹುದ್ದೆ ತುಂಬದಿದ್ದರೆ ಖಜಾನೆಗೆ ಉಳಿತಾಯ. ಆ ಉಳಿತಾಯದ ಖರ್ಚನ್ನು ಭರಿಸುತ್ತಿರುವುದು ಮಗನ ಕೋಚಿಂಗ್ ಫೀಸಿಗೆ ಹಸು ಮಾರಿದ ಮನೆ.

ಕಾಯುವುದರಲ್ಲಿ ಒಂದು ವಿಚಿತ್ರ ಇದೆ. ಹೆಚ್ಚು ಕಾದಷ್ಟೂ ಬಿಟ್ಟುಬರುವುದು ಕಷ್ಟವಾಗುತ್ತದೆ. ಇಪ್ಪತ್ತೆರಡರಲ್ಲಿ ಹೂಟಗಳ್ಳಿಯ ಕಾರ್ಖಾನೆಗೆ ಟ್ರೈನಿಯಾಗಿ ಸೇರಬಹುದಿತ್ತು; ಇಪ್ಪತ್ತೊಂಬತ್ತಕ್ಕೆ ಆ ಕಾರ್ಖಾನೆಯವರೇ ತೆಗೆದುಕೊಳ್ಳುವುದಿಲ್ಲ. ಏಳು ವರ್ಷ ಏನು ಮಾಡಿದೆ ಎಂದು ಕೇಳಿದರೆ ಓದಿದೆ ಎನ್ನಬೇಕು. ಅಲ್ಲಿಗೆ ಉಳಿಯುವುದು ಇನ್ನೊಂದು ಪ್ರಯತ್ನ. ಪಿಂಚಣಿಯ ಆಸೆಯಿಂದ ಹೀಗೆ ಕಾಯುತ್ತಾರೆ ಎಂಬುದೂ ಈಗ ನಿಜವಲ್ಲ. 2006ರ ಏಪ್ರಿಲ್ ನಂತರ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ ಸಿಗುವುದು ಹಳೆಯ ಖಚಿತ ಪಿಂಚಣಿಯಲ್ಲ, ಸಂಬಳದಿಂದಲೂ ವಂತಿಗೆ ಕಡಿತವಾಗುವ ಎನ್‌ಪಿಎಸ್. ಹಳೆಯ ಪಿಂಚಣಿಗಾಗಿ ನೌಕರರೇ ಬೀದಿಗಿಳಿದಿದ್ದಾರೆ. ಪಿಂಚಣಿ ಹೋದರೂ ಸಾಲು ಕರಗಲಿಲ್ಲ. ಕಾರಣ, ಎದುರು ಬದಿಯ ಕೆಲಸಗಳು ಅದಕ್ಕಿಂತ ಬೇಗ ಕರಗಿದವು. 2025ರ ಫೆಬ್ರುವರಿಯಲ್ಲಿ ಮೈಸೂರಿನ ಐ.ಟಿ. ತರಬೇತಿ ಕ್ಯಾಂಪಸ್ ಒಂದರಿಂದ ಮುನ್ನೂರಕ್ಕೂ ಹೆಚ್ಚು ಹೊಸಬರನ್ನು ಆಂತರಿಕ ಪರೀಕ್ಷೆಯಲ್ಲಿ ಮೂರು ಸಲ ಪಾಸಾಗಲಿಲ್ಲವೆಂದು ಕಳಿಸಿಬಿಟ್ಟರು. ಆಫರ್ ಲೆಟರ್ ಹಿಡಿದು ಎರಡು ವರ್ಷ ಕಾದು ಸೇರಿದವರು ಅವರಲ್ಲಿದ್ದರು. ಆ ವಾರ ಸರಸ್ವತಿಪುರಂನ ಚಹಾದಂಗಡಿಯಲ್ಲಿ ಕೆಪಿಎಸ್‌ಸಿ ಹುಡುಗರ ಮುಖದಲ್ಲಿ ಕಂಡ ನಿರಾಳ ಭಾವವನ್ನು ಮರೆಯಲಾರೆ; ಅದು ಒಳ್ಳೆಯ ನಿರಾಳವಾಗಿರಲಿಲ್ಲ.

ಇದೆಲ್ಲದರ ನಡುವೆ ಇನ್ನೊಂದು ಗುಂಪು ಸದ್ದಿಲ್ಲದೆ ಬೇರೆ ದಾರಿಯಲ್ಲಿದೆ. ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವವರು, ಮಂಡ್ಯದಿಂದ ದಿನವೂ ರೈಲಿನಲ್ಲಿ ಹೋಗಿ ಬರುವವರು, ಹೋಟೆಲಿನ ಕ್ಯಾಶಿಗೆ ಕೂತವರು. ಇವರಲ್ಲಿ ಯಾರನ್ನೇ ಕೇಳಿ, ಭಾವ ಇದ್ದ, ಕರೆದುಕೊಂಡು ಹೋದ ಎನ್ನುತ್ತಾರೆ. ಕೆಲಸ ಸಿಗುವುದು ಆಪ್ತರಿಗಿಂತ ಹೆಚ್ಚಾಗಿ ದೂರದ ಪರಿಚಯದವರಿಂದ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲೇ ವಾದಿಸಿದ್ದರು. ಆಪ್ತರಿಗೆ ತಿಳಿದದ್ದು ನಮಗೂ ತಿಳಿದಿರುತ್ತದೆ, ಹೊಸ ಸುದ್ದಿ ಬರುವುದು ಹೊರಗಿನಿಂದ. ನಮ್ಮ ಹಳ್ಳಿಗಳಲ್ಲಿ ಕೊರತೆ ಇರುವುದು ಅಂಥ ಹೊರಗಿನ ಪರಿಚಯದ್ದೇ. ಭಾವ ಡ್ರೈವರ್ ಆದರೆ ಬೀದಿಯ ಎಂಟು ಹುಡುಗರು ಡ್ರೈವರ್. ಇಡೀ ಊರೇ ಒಂದು ಕಸುಬಿಗೆ ಹೋಗುತ್ತದೆ, ಆ ಕಸುಬು ಕೆಟ್ಟರೆ ಇಡೀ ಊರೇ ಕೂರುತ್ತದೆ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾಗಿ ವಾಹನಗಳು ಬೈಪಾಸಿನಲ್ಲಿ ಹೋಗತೊಡಗಿದ ಮೇಲೆ ಮದ್ದೂರಿನ ಹಳೇ ರಸ್ತೆಯಲ್ಲಿ ಎಳನೀರು, ವಡೆ ಮಾರುತ್ತಿದ್ದವರಿಗೆ ಆದದ್ದು ಅದೇ.

ಆದ್ದರಿಂದ ಶಾಲೆಗಳಿಗೆ ಬಂದು ‘ನಿಮ್ಮ ಆಸಕ್ತಿಯನ್ನು ಹಿಂಬಾಲಿಸಿ’ ಎಂದು ಹೇಳಿ ಹೋಗುವ ವೃತ್ತಿ ಮಾರ್ಗದರ್ಶನ ಶಿಬಿರಗಳ ಬಗ್ಗೆ ನನಗೆ ಹೆಚ್ಚು ಭರವಸೆಯಿಲ್ಲ. ಮಳವಳ್ಳಿಯ ಆ ಹುಡುಗನಿಗೆ ಆಸಕ್ತಿಯ ಕೊರತೆ ಇರಲಿಲ್ಲ. ಬೇಕಾದದ್ದು ಸಂಜೆ ಏಳಕ್ಕೆ ಇನ್ನೊಂದು ಬಸ್ಸು, ಇಂಥ ತಿಂಗಳು ಇಷ್ಟು ಹುದ್ದೆ ಎಂದು ಹೇಳಿ ಆ ತಿಂಗಳೇ ಪರೀಕ್ಷೆ ನಡೆಸುವ ಒಂದು ಆಯೋಗ, ಹದಿನಾಲ್ಕು ದಿನ ಎಂದರೆ ಹದಿನಾಲ್ಕೇ ದಿನದಲ್ಲಿ ಕಬ್ಬಿನ ಹಣ, ಖಾಸಗಿ ಕಾರ್ಖಾನೆ ಮುಚ್ಚಿದರೆ ಕಾರ್ಮಿಕನ ಬಾಕಿ ಕೈಗೆ ಬರುತ್ತದೆಂಬ ಖಾತರಿ. ಕಾಯಂ ಅಲ್ಲದ ಕೆಲಸವೂ ಬದುಕಲು ಯೋಗ್ಯವಾದರೆ ಅರ್ಧ ಸಾಲು ತಾನಾಗಿಯೇ ಬೇರೆ ಕಡೆ ತಿರುಗುತ್ತದೆ ಎಂದು ನನ್ನ ಅಂದಾಜು. ಉಳಿದರ್ಧದ ಬಗ್ಗೆ ಹೇಳಲಾರೆ. ಅಲ್ಲಿ ಹುಡುಗಿಯ ತಾಯಿಯನ್ನು ಒಪ್ಪಿಸಬೇಕು.

ಮೊದಲ ಸುತ್ತಿನ ಸೀಟು ಹಂಚಿಕೆಯಾದ ದಿನ ಮತ್ತೆ ಆ ಸೈಬರ್ ಸೆಂಟರಿಗೆ ಹೋಗಿದ್ದೆವು. ಸೀಟು ಸಿಕ್ಕವರ ಮುಂದೆ ಪ್ರಾಧಿಕಾರ ನಾಲ್ಕು ಆಯ್ಕೆ ಇಡುತ್ತದೆ. ಒಂದನೆಯದು, ತೃಪ್ತಿಯಾಗಿದೆ, ಸೇರುತ್ತೇನೆ. ಎರಡನೆಯದು, ಇದು ಇರಲಿ, ಆದರೆ ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಒಳ್ಳೆಯದು ಸಿಗಬಹುದೇ ನೋಡುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು, ಈ ಸಾಲಿನಿಂದಲೇ ಹೊರಗೆ. ಮಳವಳ್ಳಿಯ ಹುಡುಗ ಈ ಸಲ ಒಬ್ಬನೇ ಬಂದಿದ್ದ. ಮಂಡ್ಯದಲ್ಲೇ ಸಿವಿಲ್ ಸಿಕ್ಕಿತ್ತು. ಮೌಸ್ ಹಿಡಿದು ಸ್ವಲ್ಪ ಹೊತ್ತು ಪರದೆ ನೋಡಿದ, ಆಮೇಲೆ ಹೊರಗೆ ಹೋಗಿ ಮಾವನಿಗೆ ಫೋನ್ ಮಾಡಿದ. ಒಳಗೆ ಬಂದವನು ಅಂಗಡಿಯವರಿಗೆ ಹೇಳಿದ: ‘ಅಣ್ಣ, ಎರಡನೆಯದು ಒತ್ತಿ.’ ಅಂಗಡಿಯವರು ಒತ್ತಿ, ಪ್ರಿಂಟ್ ತೆಗೆದು ಕೊಟ್ಟು, ಇಪ್ಪತ್ತು ರೂಪಾಯಿ ಇಸಿದುಕೊಂಡರು.